ದೊಡ್ಡಪ್ಪ ರಾಗ ಹಾಕಿದ ಹಾಡು

ನನ್ನ ಅಜ್ಜಿ ಹೊನ್ನಾವರದಲ್ಲಿ ಇಗರ್ಜಿಯ ಪಕ್ಕದ ರಸ್ತೆಯಲ್ಲಿ ಮೀನು ಮಾರುತ್ತಿದ್ದಳು. ಭಾನುವಾರ ಪೂಜೆ ಮುಗಿಸಿ ಬರುವ ಕ್ರಿಶ್ಚಿಯನ್ನರೇ ಅವಳ ಕಾಯಂ ಗಿರಾಕಿಗಳು. ಅವರಿಗಾಗಿ ಕಾಯುತ್ತ ಕೂತು, ಒಳಗಿನಿಂದ ಕೇಳಿಬರುವ ಕೊಂಕಣಿ ಹಾಡುಗಳನ್ನೆಲ್ಲ ಕಲಿತುಬಿಟ್ಟಿದ್ದಳು. ಅಕ್ಷರ ಬಾರದವಳು, ಆದರೆ ಯಾವ ಹಾಡನ್ನಾದರೂ ಎರಡು ಸಲ ಕೇಳಿದರೆ ಸಾಕಿತ್ತು. ಕರ್ಕಿಯ ನಮ್ಮ ಮನೆಯಲ್ಲಿ ಮೀನು ಕೊಯ್ಯುವಾಗ ಯೇಸುವಿನ ಹಾಡು, ತುಳಸಿಗೆ ನೀರು ಹಾಕುವಾಗಲೂ ಅದೇ ಹಾಡು. ಅದರಲ್ಲಿ ಅವಳಿಗೆ ಯಾವ ತೊಡಕೂ ಕಾಣುತ್ತಿರಲಿಲ್ಲ.

ತೊಡಕು ಕಂಡದ್ದು ದೊಡ್ಡಪ್ಪನಿಗೆ. ಊರಿನ ಭಜನಾ ಮಂಡಳಿಯ ಅಧ್ಯಕ್ಷನಾದ ಮೇಲೆ ಅವನಿಗೆ ಒಮ್ಮೆಲೇ ಧರ್ಮ ನೆನಪಾಗಿತ್ತು. ಹಾರ್ಮೋನಿಯಂ ಒಂದು ಕಡೆ ಹೋದರೆ ಅವನ ಸ್ವರ ಇನ್ನೊಂದು ಕಡೆ. ಆದರೂ ಮೈಕು ಅವನ ಕೈಯಲ್ಲೇ ಇರಬೇಕು.

"ಅವ್ವಿ, ಆ ಹಾಡು ನಿಲ್ಸು. ಜನ ಎಂತ ಹೇಳ್ತ್ರು?"

"ಎಂತ ಹೇಳ್ತ್ರು? ಮುದ್ಕಿ ಚಲೋ ಹಾಡ್ತದೆ ಹೇಳ್ತ್ರು."

"ಈ ಮನೇಲಿ ಬೇಡ."

"ಆತು," ಎಂದಳು ಅಜ್ಜಿ.

ಮರುದಿನದಿಂದ ಮನೆಯಲ್ಲಿ ಹಾಡು ನಿಂತಿತು. ಬುಟ್ಟಿಯ ಮುಂದೆ ಕೂತು ರಸ್ತೆಯಲ್ಲೇ ಹಾಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರೂ ದೊಡ್ಡಪ್ಪನ ಎದುರು ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ. ಆಗ ಕಾಲೇಜಿಗೆ ಹೋಗುತ್ತಿದ್ದೆ. ನ್ಯಾಯ, ಸಮಾನತೆ ಎಂದೆಲ್ಲ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವ ಶೂರ.

ಆ ವರ್ಷ ಕುಮಟಾದಲ್ಲಿ ಭಜನಾ ಸ್ಪರ್ಧೆ. ಚಪ್ಪಾಳೆಗೆ ಜನ ಬೇಕಲ್ಲ, ದೊಡ್ಡಪ್ಪ ಮನೆಮಂದಿಯನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹೋದ. ಭಟ್ಕಳದ ತಂಡ ಮೊದಲು ಹಾಡಿತು, ಚೆನ್ನಾಗಿಯೇ ಹಾಡಿತು. ಆಮೇಲೆ ನಮ್ಮವರು. "ಈ ಭಜನೆಗೆ ನಾನೇ ರಾಗ ಹಾಕಿದ್ದು," ಎಂದು ದೊಡ್ಡಪ್ಪ ಮೈಕಿನಲ್ಲಿ ಸಾರಿದ.

ಎರಡನೆಯ ಸಾಲಿಗೇ ನನಗೆ ಗುರುತು ಸಿಕ್ಕಿತು. ಅದು ಅಜ್ಜಿ ಮೀನು ಕೊಯ್ಯುತ್ತ ಹಾಡುತ್ತಿದ್ದ ಹಾಡು. ಮಾತು ಕನ್ನಡದ್ದು, ಯೇಸು ಕ್ರಿಸ್ತ ಇದ್ದ ಜಾಗದಲ್ಲಿ ರಾಮನನ್ನು ಕೂರಿಸಿದ್ದ, ಅಷ್ಟೇ. ಅಷ್ಟನ್ನಾದರೂ ಸರಿಯಾಗಿ ಮಾಡಿದ್ದನೇ ಎಂದರೆ ಅದೂ ಇಲ್ಲ. ಅಕ್ಷರ ಸಾಲದೆ ರಾಮನನ್ನು ಹಿಡಿದು ಎಳೆದಾಡುತ್ತಿದ್ದ.

ಮೇಲಿನ ಸ್ವರ ಬಂದಲ್ಲಿ ಅವನ ಗಂಟಲು ಒಡೆಯಿತು. ಸಭೆಯಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ಕಣ್ಣುಮುಚ್ಚಿ ಆ ಸಾಲನ್ನು ಎತ್ತಿಕೊಂಡಳು, ಅವಳಿಗೆ ಗೊತ್ತಿದ್ದ ಕೊಂಕಣಿಯಲ್ಲೇ. ಜನ ತಿರುಗಿ ನೋಡಿದರು. ತಬಲಾದವನು ದೊಡ್ಡಪ್ಪನನ್ನು ಬಿಟ್ಟು ಅವಳ ಹಿಂದೆ ಹೋದ. ಹಾಡು ಹೇಗೋ ದಡ ಸೇರಿತು.

"ಆ ಅಜ್ಜಿ ಯಾರು?" ಎಂದು ತೀರ್ಪುಗಾರರೊಬ್ಬರು ಕೇಳಿದರು.

"ನನ್ನ ತಾಯಿ," ಎಂದ ದೊಡ್ಡಪ್ಪ. "ನಾನೇ ಕಲ್ಸಿದ್ದು."

ಎರಡನೆಯ ಬಹುಮಾನ ಬಂತು. ಶಾಲು ಹೊದ್ದವನು ಅವನು.

ವಾಪಸು ಬರುವಾಗ ಟೆಂಪೋದಲ್ಲಿ ಅಜ್ಜಿ ಅವನಿಗೆ ಹೇಳಿದಳು, "ಮಗಾ, ಅಲ್ಲಿ ಉಸ್ರು ಮೊದ್ಲೇ ತಕಳ್ಬೇಕು. ನಾಳೆ ಹೇಳ್ಕೊಡ್ತೆ." ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅವನು ಶಾಲು ಸರಿಮಾಡಿಕೊಂಡು ರಸ್ತೆ ನೋಡುತ್ತ ಕೂತ.

ಮರುದಿನ ಅಡುಗೆಮನೆಯಲ್ಲಿ ಮತ್ತೆ ಹಾಡು ಕೇಳಿಸಿತು. ಬೇಡ ಎನ್ನುವ ಮುಖ ಅವನಿಗೆ ಉಳಿದಿರಲಿಲ್ಲ. ಸಾಯುವ ತನಕ ಅಜ್ಜಿ ಮನೆಯಲ್ಲೇ ಹಾಡಿದಳು. ಕಲಿಯಲು ಮಾತ್ರ ಅವನು ಒಂದು ದಿನವೂ ಅವಳ ಬಳಿ ಕೂರಲಿಲ್ಲ. ಈಗಲೂ ಪ್ರತಿ ಶನಿವಾರ ಭಜನೆಯಲ್ಲಿ ಅದೇ ಹಾಡನ್ನು ಹಾಡುತ್ತಾನೆ. ಆ ಮೇಲಿನ ಸ್ವರ ಬಂದಾಗ ಎರಡೂ ಕೈ ಎತ್ತಿ, ಎಲ್ಲರೂ ಚಪ್ಪಾಳೆ ತಟ್ಟಿ ಎನ್ನುತ್ತಾನೆ.