ಸೂಗಪ್ಪನವರ ಹಳೆಯ ಸನದು

ಜೇವರ್ಗಿ ಕಾಲೋನಿಯ ಆ ಮನೆಯಲ್ಲಿ ಕೆಳಗೆ ಬಾಡಿಗೆಗೆ ನಾನು, ಮೇಲಿನ ಕೋಣೆಯಲ್ಲಿ ಆಮಿರ್. ಅಫಘಾನಿಸ್ತಾನದ ಹೆರಾತಿನ ಹುಡುಗ. ಕಲಬುರಗಿಗೆ ಓದಲು ಬಂದ ಆರೇ ತಿಂಗಳಿಗೆ ಅವನ ದೇಶದ ಸರ್ಕಾರ ಬಿದ್ದು ವಾಪಸು ಹೋಗುವ ದಾರಿ ಮುಚ್ಚಿತು. ಮೊದಲ ವರ್ಷ ಅವನು ಯಾರೊಂದಿಗೂ ಮಾತಾಡಲಿಲ್ಲ. ಜನ ಅವನನ್ನು ಬರೀ ‘ಅಫಘಾನ್’ ಎಂದರು. ನಾನೂ ಅಂದೆ, ಸುಳ್ಳೇಕೆ ಹೇಳಲಿ.

ಒಂದು ದಿನ ಊರ ಕೋಟೆಯ ಕಲ್ಲೊಂದರ ಮೇಲೆ ಕೆತ್ತಿದ್ದ ತನ್ನ ತಾಯ್ನುಡಿ ಪಾರ್ಸಿಯನ್ನು ಓದಿ ಗಳಗಳನೆ ಅತ್ತನಂತೆ. ಸುದ್ದಿ ಹಬ್ಬಿತು. ನಿಜಾಮರ ಕಾಲದ ಪಾರ್ಸಿ ಕಾಗದಗಳನ್ನು ಟ್ರಂಕಿನಲ್ಲಿಟ್ಟುಕೊಂಡಿದ್ದವರೆಲ್ಲ ಅವನನ್ನು ಹುಡುಕಿ ಬಂದರು, ಪಾರ್ಸಿ ಬಲ್ಲ ಪಂಡಿತನೆಂದು ‘ಮುನ್ಶಿ’ ಎಂದು ಕರೆದರು. ಹುಡುಗ ತಲೆ ಎತ್ತಿ ನಡೆಯತೊಡಗಿದ. ನೋಡಿ ನನಗೆ ಸಂತೋಷವಾಗುತ್ತಿತ್ತು.

ಆ ಸೋಮವಾರ ಅವನ ವೀಸಾ ಮುಗಿಯುತ್ತಿತ್ತು. ಮುಂದುವರಿಸಲು ಮನೆ ಮಾಲೀಕರ ಸಹಿ ಇದ್ದ ಪತ್ರ ಬೇಕು. ಮಾಲೀಕ ಸೂಗಪ್ಪನವರು ಕಮಲಾಪುರದ ಕೆಂಪು ಬಾಳೆಯ ಧಣಿ. ಹೊರಗಿನವರನ್ನು ಓಡಿಸಬೇಕು ಎಂದು ಸಭೆ ಸಭೆಯಲ್ಲಿ ಗುಡುಗುವವರು. ಬಾಡಿಗೆಗೆ ಮಾತ್ರ ಹೊರಗಿನವರೇ ಆಗಬೇಕು!

ಶನಿವಾರ ಇಬ್ಬರೂ ಕಮಲಾಪುರಕ್ಕೆ ಹೋದೆವು. ಪತ್ರ ಸಿದ್ಧವಿತ್ತು, ಸಹಿ ಬಾಕಿ. ಸೂಗಪ್ಪನವರು ನಿಜಾಮರ ಮೊಹರಿದ್ದ ಒಂದು ಹಳದಿ ಕಾಗದ ಮುಂದಿಟ್ಟರು.

“ಮೊದಲ ಈ ಸನದು ಓದು ಮುನ್ಶಿ. ನಮ್ಮ ಮುತ್ತಜ್ಜಂದು, ಅವನ ಹೆಸರೇ ನನಗಿಟ್ಟಾರ. ಈ ಊರು ಕಟ್ಟಿದವರೇ ನಾವು ಅಂತ ಬರದಿರ್ತದ. ಬಾಗಲ ಮ್ಯಾಲ ಕಲ್ಲಿನಾಗ ಕೆತ್ತಸಾಂವ ಇದ್ದೀನಿ.”

ಆಮಿರ್ ಮನಸ್ಸಿನಲ್ಲೇ ಓದಿದ. ಅವನ ಮುಖ ಬಿಳಿಚಿತು. ಕಾಗದವನ್ನು ತಿರುಗಿ ಅವರ ಕಡೆ ಸರಿಸಿದ.

“ಬ್ಯಾಡ್ರಿ ಕಾಕಾ.”

“ಓದು.”

“ಬರಗಾಲದಾಗ ಊರು ಬಿಟ್ಟು ಬಂದು ಆಸರಾ ಬೇಡಿದ ಪರದೇಶಿ ಸೂಗಪ್ಪಗ ಈ ಭೂಮಿ ಕೊಟ್ಟೀವಿ.”

ಸೂಗಪ್ಪನವರು ಪೆನ್ನಿನ ಮುಚ್ಚಳ ಹಾಕಿದರು. “ಇನ್ನೊಮ್ಮೆ ಓದು. ನೋಡಿಕೊಂಡು ಓದು.”

ಅವನು ಮತ್ತೆ ಅದನ್ನೇ ಓದಿದ. ಅವರು ಸನದನ್ನೂ ಪತ್ರವನ್ನೂ ಮಡಚಿ ಒಂದೇ ಕಿಸೆಗೆ ಹಾಕಿಕೊಂಡರು. “ಹೋಗ್ರಿ. ಪತ್ರದ್ದು ಆಮ್ಯಾಲ ನೋಡೋಣ,” ಎಂದರು. ದನಿ ತಣ್ಣಗಿತ್ತು. ಬೈದಿದ್ದರೂ ಅಷ್ಟು ಹೆದರುತ್ತಿರಲಿಲ್ಲ ನಾನು.

ಬಸ್ಸಿನಲ್ಲಿ ರೇಗಿಬಿಟ್ಟೆ. “ಹುಚ್ಚ, ಒಂದು ಸುಳ್ಳು ಓದಿದ್ರ ಅವರಿಗೇನು ತಿಳೀತಿತ್ತು?”

“ಸುಳ್ಳು ಓದಿದ್ರ ಮುನ್ಶಿ ಎಲ್ಲಿ ಉಳೀತಾನ್ರಿ ಸರ್? ಮತ್ತ ಬರೀ ಅಫಘಾನ್ ಆಗ್ತೀನಿ.”

ಸೋಮವಾರ ಪತ್ರ ಬರಲಿಲ್ಲ. ಮಂಗಳವಾರ ಮುಂಜಾನೆ ಜೀಪು ಬಂತು. ಮಾಲೀಕರೇ ಫೋನು ಮಾಡಿದ್ದರಂತೆ. ಪೊಲೀಸರು ಹೆಸರು ಕೇಳಿದರು.

“ಮುನ್ಶಿ ಆಮಿರ್,” ಎಂದ ಅವನು, ಶರ್ಟಿನ ಗುಂಡಿ ಹಾಕಿಕೊಳ್ಳುತ್ತ.

ನಾನು ಅವರ ಪುಸ್ತಕದೊಳಗೆ ಇಣುಕಿ ನೋಡಿದೆ. ಅವರು ‘ಅಫಘಾನ್, ಒಬ್ಬ’ ಎಂದಷ್ಟೇ ಬರೆದುಕೊಂಡಿದ್ದರು.