ಗೂಟದೊಳಗಿನ ರಾಗಿ

ಸತತವಾಗಿ ಮಳೆ ಕೈಕೊಟ್ಟ ವರ್ಷಗಳಲ್ಲಿ ಬಾಗೂರಿನ ಕಡೆ ಬೆಳೆ ಅಳೆಯುವ ಸರ್ಕಾರಿ ಕೆಲಸ ನನ್ನದಾಗಿತ್ತು. ಆರಿಸಿದ ಹೊಲದಲ್ಲಿ ಮೊದಲೇ ಗೂಟ ನೆಟ್ಟು, ಹಗ್ಗ ಕಟ್ಟಿ ಒಂದು ಚೌಕ ಗುರುತಿಸುತ್ತಿದ್ದೆವು. ಕೊಯ್ಲಿನ ಹೊತ್ತಿಗೆ ಅಷ್ಟನ್ನೇ ಕೊಯ್ದು, ಬಡಿದು, ತೂಗುತ್ತಿದ್ದೆವು. ಅಂಥ ಕೆಲವೇ ಚೌಕಗಳ ತೂಕ ನೋಡಿ ಇಡೀ ಪಂಚಾಯ್ತಿಯ ಬೆಳೆ ಇಷ್ಟು ಎಂದು ಸರ್ಕಾರ ತೀರ್ಮಾನಿಸುತ್ತದೆ. ಪರಿಹಾರ ಕೊಡುವುದೂ ಬಿಡುವುದೂ ಅದರ ಮೇಲೆಯೇ.

ಒಂದು ವರ್ಷ ಕೊಯ್ಲಿಗೆ ಹೋದ ಹೊಲದ ತುಂಬ ರಾಗಿ ಮೊಣಕಾಲುದ್ದಕ್ಕೇ ಒಣಗಿ ನಿಂತಿತ್ತು. ನನ್ನ ಚೌಕದೊಳಗೆ ಮಾತ್ರ ತೆನೆ ತುಂಬಿ ಬಾಗಿತ್ತು.

ಹೊಲದ ಒಡತಿ, ಒಬ್ಬ ಮುದುಕಿ, ನಗುತ್ತಾ ಬಂದಳು. "ಊರ ತೊಂಬೆಯಿಂದ ದಿನಾ ಬಿಂದಿಗೇಲಿ ನೀರು ಒತ್ತಾಕ್ದೆ ಸಾ. ಸರ್ಕಾರ್ದೋರು ಗುರ್ತು ಮಾಡಿರೋ ಜಾಗ, ಒಣಗಿಸ್ಬುಟ್ರೆ ಮರ್ವಾದೆ ಓಗಲ್ವಾ?"

ಮೇಲಧಿಕಾರಿಗೆ ಫೋನ್ ಮಾಡಿ, ಇದನ್ನು ಬಿಟ್ಟು ಪಕ್ಕದ್ದನ್ನು ಕೊಯ್ಯುತ್ತೇನೆ ಎಂದು ಬೇಡಿಕೊಂಡೆ.

"ಗೂಟದ ಒಳಗಿರೋದನ್ನ ತೂಗಿ. ಆಚೇದು ನಿಮಗ್ಯಾಕೆ?" ಎಂದು ಇಟ್ಟುಬಿಟ್ಟರು.

ಈ ನಿಯಮ ಬರೆದವನನ್ನು ತಂದು ಆ ಬಿಸಿಲಲ್ಲಿ, ಗೂಟದ ಆಚೆ ನಿಲ್ಲಿಸಬೇಕಿತ್ತು.

ತೂಗಿದೆ. ಅಕ್ಕಪಕ್ಕದ ಹೊಲದವರು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಇನ್ನು ಪರಿಹಾರ ಬರುವುದಿಲ್ಲವೆಂದು ಅವರಿಗೆ ಅರ್ಥವಾಗಿತ್ತು. ಮುದುಕಿಗೆ ಮಾತ್ರ ಯಾರೂ ಹೇಳಲಿಲ್ಲ.

"ಎಲ್ಲಾರಿಗಿಂತ ನಮ್ದೇ ಜಾಸ್ತಿ ಬಂತಾ ಸಾ?" ಎಂದು ಕೇಳಿದಳು.

"ನಿಮ್ದೇ ಕಣಜ್ಜಿ," ಎಂದೆ.