ಬ್ರ್ಯಾಕೆಟ್ ಹಾಕಿದ್ದಕ್ಕೆ ಸೊನ್ನೆ

“ಈ ಹುಡುಗಿಗೆ ಸೊನ್ನೆ ಕೊಡಿ ಸರ್.”

ಕಳೆದ ಶನಿವಾರ ಔರಂಗಾಬಾದಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ವಿಭಾಗದ ಮುಖ್ಯಸ್ಥರು ನನ್ನ ಕಿವಿಯಲ್ಲಿ ಹೇಳಿದ ಮಾತಿದು. ನಾನು ನಾಸಿಕದಿಂದ ಬಸ್ಸು ಹತ್ತಿ, ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕನಾಗಿ ಹೋಗಿದ್ದೆ. ಹುಡುಗಿ ಮಾಡಿದ ತಪ್ಪೇನು ಗೊತ್ತೆ? ಇಡೀ ಲ್ಯಾಬಿನಲ್ಲಿ ಅವಳೊಬ್ಬಳ ಪ್ರೋಗ್ರಾಂ ಮಾತ್ರ ಓಡಿತ್ತು!

(ನಗಬೇಡಿ. ನನಗಿನ್ನೂ ಕೋಪ ಇಳಿದಿಲ್ಲ.)

ಪೈಥಾನ್ ಅಂತ ಒಂದು ಪ್ರೋಗ್ರಾಮಿಂಗ್ ಭಾಷೆಯಿದೆ. ಅದರ ಮೂರನೇ ಆವೃತ್ತಿ ಬಂದು ಎಷ್ಟೋ ವರ್ಷವಾಯಿತು. ಎರಡನೆಯದನ್ನು ಇನ್ನು ರಿಪೇರಿ ಮಾಡುವುದಿಲ್ಲ, ಬಿಟ್ಟುಬಿಡಿ ಎಂದು ಅದನ್ನು ಮಾಡಿದವರೇ ವರ್ಷಗಟ್ಟಲೆ ಡಂಗುರ ಸಾರಿದ್ದಾರೆ. ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಬೇಕಾದ ಸಾಫ್ಟ್‌ವೇರ್ ಸಮೇತ ಒಂದೇ ಗಂಟು ಕಟ್ಟಿ ಜಗತ್ತಿಗೆ ಪುಕ್ಕಟೆ ಹಂಚುವ ಗುಂಪುಗಳಿವೆ. ಆ ಗಂಟಿಗೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು. ಅಂಥದ್ದೊಂದು ಗುಂಪಿನಲ್ಲಿ ನಾನೂ ಇದ್ದೇನೆ. ರಜೆಯ ದಿನ ಹೆಂಡತಿಯ ಕೈಲಿ ಬೈಸಿಕೊಂಡು, ಹಳೆ ಪೈಥಾನನ್ನೇ ನೆಚ್ಚಿಕೊಂಡ ಸಾಫ್ಟ್‌ವೇರುಗಳನ್ನು ಹೊಸದಕ್ಕೆ ಒಗ್ಗಿಸುವುದು, ಒಗ್ಗದ್ದನ್ನು ಕಿತ್ತುಹಾಕುವುದು ನನ್ನ ಕೆಲಸ. ನಮ್ಮ ಹೊಸ ಗಂಟಿನಲ್ಲಿ ಹಳೆ ಪೈಥಾನ್ ಇಲ್ಲವೇ ಇಲ್ಲ.

ಈ ಕಾಲೇಜಿನವರು ರಜೆಯಲ್ಲಿ ಹಾಕಿಸಿದ್ದು ಅದೇ ಹೊಸ ಗಂಟು. ಪಾಠ ಮಾತ್ರ ಹಳೆಯದು. ಪರದೆಯ ಮೇಲೆ ಉತ್ತರ ತೋರಿಸುವ ‘ಪ್ರಿಂಟ್’ ಆಜ್ಞೆಗೆ ಹಳೆಯದರಲ್ಲಿ ಬ್ರ್ಯಾಕೆಟ್ ಬೇಡ, ಹೊಸದರಲ್ಲಿ ಬೇಕೇ ಬೇಕು. ಮೊದಲೇ ಯಾರಿಗೂ ಗೊತ್ತಾಗಲಿಲ್ಲವೆ? ಗೊತ್ತಾಗುವುದು ಹೇಗೆ? ರಜೆ ಮುಗಿದ ಮೇಲೆ ಲ್ಯಾಬಿನ ಬೀಗ ತೆಗೆದದ್ದೇ ಪರೀಕ್ಷೆಗೆ!

ಪರೀಕ್ಷೆ ಶುರುವಾಯಿತು. ಹುಡುಗರು ಬಾಯಿಪಾಠ ಮಾಡಿದ್ದನ್ನು ಟೈಪ್ ಮಾಡಿದರು. ಪರದೆ ಪರದೆಯಲ್ಲೂ ಎರರ್. ಮುಖ್ಯಸ್ಥರು ಲ್ಯಾಬ್ ನೋಡಿಕೊಳ್ಳುವವರ ಮೇಲೆ ಮರಾಠಿಯಲ್ಲಿ ಹರಿಹಾಯ್ದರು. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿ ಕೈಯೆತ್ತಿದಳು. ಅವಳ ಪರದೆಯಲ್ಲಿ ಸರಿಯಾದ ಉತ್ತರವಿತ್ತು.

“ಕೈಸೇ ಕಿಯಾ?” ಹೇಗೆ ಮಾಡಿದೆ ಎಂದು ಹಿಂದಿಯಲ್ಲಿ ಕೇಳಿದೆ.

ಕಾರಿಡಾರಿನಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಅವಳ ಕಿವಿಗೆ ಬಿದ್ದಿತ್ತೇನೋ, ಕನ್ನಡದಲ್ಲೇ ಉತ್ತರ ಬಂತು. “ಎರರ್ ಓದಿದ್ನಿರಿ ಸರ. ಪ್ರಿಂಟ್ ಮುಂದ ಬ್ರ್ಯಾಕೆಟ್ ಇಲ್ಲಂತ ಅದೇ ಹೇಳಾಕತ್ತಿತ್ತು. ಹಾಕಿದೆ. ಚಾಲೂ ಆತು.”

ಹೆಸರು ರೇಣುಕಾ. ಇಂಡಿ ಕಡೆಯವರು. ಅಪ್ಪ ಹತ್ತಿರದ ಬಿಡಕಿನ್‌ನಲ್ಲಿ ಕಟ್ಟಡದ ಸೈಟಿನಲ್ಲಿ ಗಾರೆ ಕೆಲಸದ ಗೌಂಡಿ. “ಕನ್ನಡ ಥೋಡಾ ಥೋಡಾ ಬರ್ತದ್ರಿ,” ಎಂದು ನಾಚಿಕೊಂಡಳು.

ಆಗಲೇ ಮುಖ್ಯಸ್ಥರು ನನ್ನನ್ನು ಪಕ್ಕಕ್ಕೆ ಕರೆದು ಆ ಸೊನ್ನೆಯ ಮಾತು ಆಡಿದ್ದು. ಮಾಡೆಲ್ ಉತ್ತರದಲ್ಲಿ ಬ್ರ್ಯಾಕೆಟ್ ಇಲ್ಲವಂತೆ.

“ಅವಳ ಪ್ರೋಗ್ರಾಂ ಓಡ್ತಾ ಇದೆಯಲ್ಲ ಸರ್?”

“ಓಡಿದರೇನು? ಸಿಲೆಬಸ್‌ನಲ್ಲಿಲ್ಲ.”

“ಸಿಲೆಬಸ್‌ನಲ್ಲಿರೋದು ಈ ಕಂಪ್ಯೂಟರಿನಲ್ಲೇ ಇಲ್ಲ. ಅದನ್ನು ತೆಗೆದವರಲ್ಲಿ ನಾನೂ ಒಬ್ಬ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅಚ್ಛಾ! ಹಾಗಾದರೆ ನಮ್ಮ ಮಕ್ಕಳ ಭವಿಷ್ಯ ಹಾಳು ಮಾಡಿದ್ದು ನೀವೇ!”

ನನ್ನ ಮೈ ಉರಿದುಹೋಯಿತು. ಹಳೆಯದರ ಮೇಲೆ ಪ್ರೀತಿಯಿದ್ದರೆ ಅರ್ಥ ಮಾಡಿಕೊಳ್ಳಬಹುದು. ಇದು ಪ್ರೀತಿಯೆ? ಇದು ಹಳದಿಗಟ್ಟಿದ ನೋಟ್ಸ್ ತಿದ್ದಲಾರದ ಸೋಮಾರಿತನ. ಎಂಜಿನಿಯರ್ ಎಂದರೆ ಮತ್ತೇನ್ರೀ? ಎಡವಟ್ಟಾದಾಗ ಹೆದರದೆ, ಯಂತ್ರ ಏನು ಹೇಳುತ್ತಿದೆ ಎಂದು ಓದಿ, ತಿದ್ದುವವನು ತಾನೆ? ಅದನ್ನು ಮಾಡಿದವಳಿಗೆ ಸೊನ್ನೆಯೆ?

ಸೊನ್ನೆ ಕೊಡುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದೆ. ಅವರು ವಾದ ಮಾಡಲಿಲ್ಲ. ‘ತಾಂತ್ರಿಕ ಅಡಚಣೆ’ ಎಂದು ಪರೀಕ್ಷೆಯನ್ನೇ ರದ್ದು ಮಾಡಿದರು! ಹಳೆ ವ್ಯವಸ್ಥೆಯನ್ನು ಮತ್ತೆ ಹಾಕಿಸಿ, ಬೇರೆ ಪರೀಕ್ಷಕರನ್ನು ಕರೆಸಿ, ಬುಧವಾರ ಮರುಪರೀಕ್ಷೆಯಂತೆ.

“ನಂದು ಚಾಲೂ ಆಗಿತ್ತಲ್ರಿ?” ಎಂದಳು ರೇಣುಕಾ. ಹೊರಗೆ ಬಂದು ಅವಳಿಗೆ ನನ್ನ ನಂಬರ್ ಕೊಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ. ನಾಸಿಕದ ಅರ್ಧ ದಾರಿಯಲ್ಲಿರುವ ಯೇವಲಾ ದಾಟುವವರೆಗೂ ಹಲ್ಲು ಕಡಿಯುತ್ತಲೇ ಇದ್ದೆ.

ನಿನ್ನೆ ಅವಳ ಫೋನ್ ಬಂತು.

“ಬ್ರ್ಯಾಕೆಟ್ ತೆಗೆದು ಬರದೆ ಸರ. ಪಾಸ್ ಮಾಡ್ಯಾರ.” ದನಿಯಲ್ಲಿ ಖುಷಿಯಿರಲಿಲ್ಲ. “ಮುಂದಿನ ವಾರ ಕಾಲೇಜಿಗೆ ಕಂಪನಿಯವ್ರು ಬರ್ತಾರ, ಇಂಟರ್ವ್ಯೂಗೆ. ಅಲ್ಲಿ ಯಾವ್ದು ಬರೀಲ್ರಿ?”

“ಹೊಸದೇ ಬರಿಯಮ್ಮ. ಅವರಿಗೆ ಬೇಕಾದದ್ದು ಅದೇ.”

ಅವಳು ದನಿ ತಗ್ಗಿಸಿ, “ಅಲ್ಲೂ ನಮ್ಮ ಹೆಚ್‌ಓಡಿ ಸರ ಮಗ್ಗಲದಾಗ ನಿಂತಿರ್ತಾರ್ರಿ,” ಎಂದಳು.

ಹಳೆ ಪೈಥಾನನ್ನು ನಾವು ಹೇಗೋ ಕಿತ್ತುಹಾಕಿದೆವು. ಈ ಹೆದರಿಕೆಯನ್ನು ಕೀಳುವವರು ಯಾರು ಸ್ವಾಮಿ?